ಸೊಲ್ಲು ಹಿಡಿದವನೇ ವಾರಸುದಾರ

ಮಳವಳ್ಳಿ ಸೀಮೆಯ ಊರಿನಲ್ಲಿ ರಾತ್ರಿ ತಂಬೂರಿ ಕತೆ ಇದೆ ಎಂದರೆ ಅದರ ಸುಳಿವು ಸಂಜೆಗೇ ಸಿಗುತ್ತದೆ. ಕತೆ ಮಾಡಿಸುವವರ ಮನೆ ಮುಂದೆ ತೆಂಗಿನ ಗರಿಯ ಚಪ್ಪರ ಎದ್ದಿರುತ್ತದೆ. ಅಂಗಳ ಸಾರಿಸಿ, ರಂಗೋಲಿ ಬಿಟ್ಟು, ಗೋಡೆ ಪಕ್ಕ ದೇವರ ಗುರುತಾದ ಕಂಡಾಯ ನಿಲ್ಲಿಸಿ ಹೂವು ಮುಡಿಸಿರುತ್ತಾರೆ. ಅದರ ಬುಡದಲ್ಲಿ ತಟ್ಟೆಯಲ್ಲಿ ಕಪ್ಪುಧೂಳ್ತ, ಅಂದರೆ ಕಪ್ಪು ವಿಭೂತಿ. ಬಂದವರು ಹಣೆಗಿಟ್ಟುಕೊಂಡೇ ಮುಂದೆ ಹೋಗುವುದು. ಮುದ್ದೆ, ಸೊಪ್ಪಿನ ಸಾರು, ಅನ್ನ, ಪಾಯಸದ ಪಂಕ್ತಿ ಎದ್ದು, ಹೆಂಗಸರು ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂರುವ ಹೊತ್ತಿಗೆ ಹತ್ತು ಗಂಟೆ. ಆಗ ಕತೆ ಹಾಡುವ ನೀಲಗಾರರು ಚಾಪೆಗೆ ಬರುತ್ತಾರೆ.

ಅವರು ಕೂರುವ ಕ್ರಮವನ್ನು ನೋಡಬೇಕು. ನಡುವೆ ಕತೆ ನಡೆಸುವ ಹಿರಿಯರು. ಅವರ ಹೆಗಲಿಗೆ ತಂಬೂರಿ ಒರಗಿದೆ. ಒಂದು ಕೈ ತಂತಿಯ ಮೇಲೆ, ಇನ್ನೊಂದು ಕೈಯಲ್ಲಿ ಗಗ್ಗರ. ಅವರ ಮಗ್ಗುಲಲ್ಲಿ ದಮ್ಮಡಿ ಹಿಡಿದ ತಮ್ಮ, ತಾಳ ಹಿಡಿದ ಭಾವಮೈದ. ಎಲ್ಲರಿಗಿಂತ ಹಿಂದೆ, ಚಾಪೆಯ ಅಂಚಿನಲ್ಲಿ, ಶಾಲೆಯ ನೀಲಿ ಪ್ಯಾಂಟಿನ ಮೇಲೇ ಬಿಳಿ ಅಂಗಿ ತೊಟ್ಟ ಹುಡುಗ. ಅವನ ಕೈಯಲ್ಲೊಂದು ಪುಟ್ಟ ತಾಳ. ಅವನು ಜನರ ಕಡೆ ನೋಡುವುದಿಲ್ಲ. ಅವನ ಕಣ್ಣೆಲ್ಲ ಅಪ್ಪನ ಬಾಯಿಯ ಮೇಲೆ.

ಹಿರಿಯರು ಒಂದು ಸಾಲು ಎತ್ತಿ, ಎಳೆದು, ಕೊನೆಯ ಪದಕ್ಕೆ ಬಂದಾಗ ಉಸಿರು ಇಳಿಸುತ್ತಾರೆ. ಆ ಪದ ನೆಲಕ್ಕೆ ಬೀಳುವ ಮೊದಲೇ ಹಿಂದಿನವರು ಅದನ್ನು ಹಿಡಿದು ಎತ್ತಬೇಕು. ಇದಕ್ಕೆ ಸೊಲ್ಲು ಕೊಡುವುದು ಎನ್ನುತ್ತಾರೆ. ಹಿಮ್ಮೇಳ ಸೊಲ್ಲು ಎಳೆಯುತ್ತಿರುವಷ್ಟು ಹೊತ್ತು ಮುಂದಿನವರಿಗೆ ಬಿಡುವು. ಆ ಬಿಡುವಿನಲ್ಲಿ ಅವರು ಉಸಿರು ತುಂಬಿಕೊಳ್ಳುತ್ತಾರೆ, ಗಗ್ಗರ ಅಲುಗಿಸುತ್ತಾರೆ, ಮುಂದಿನ ಸಾಲನ್ನು ನೆನಪಿನಿಂದ ತೆಗೆದು ನಾಲಗೆಯ ತುದಿಗೆ ತಂದುಕೊಳ್ಳುತ್ತಾರೆ. ಬೆಳಗಿನ ಕೋಳಿ ಕೂಗುವವರೆಗೆ ಕತೆ ನಡೆಯುವುದು ಈ ಕೊಡು-ಕೊಳ್ಳುವಿಕೆಯ ಮೇಲೆಯೇ. ಹುಡುಗ ಒಮ್ಮೆ ತೂಕಡಿಸಿ ಸೊಲ್ಲು ತಪ್ಪಿದರೆ ಬೈಗುಳ ಇಲ್ಲ. ದಮ್ಮಡಿಯವನ ಮೊಣಕೈ ಅವನ ಪಕ್ಕೆಗೆ ಮೆಲ್ಲಗೆ ತಾಗುತ್ತದೆ, ಅಷ್ಟೇ. "ಸೊಲ್ ಬುಡಬ್ಯಾಡ ಕಲಾ ಮಗ" ಎಂಬ ಮಾತನ್ನು ಈ ಕಡೆಯ ಕತೆಗಾರರ ಮಕ್ಕಳೆಲ್ಲ ಒಂದಲ್ಲ ಒಂದು ರಾತ್ರಿ ಕೇಳಿಯೇ ಬೆಳೆದಿರುತ್ತಾರೆ.

ಸಂಗೀತದ ಮನೆತನ ಎಂದ ಕೂಡಲೇ ನಾವು ರಕ್ತದ ಮಾತಾಡುತ್ತೇವೆ. ಅಜ್ಜನ ಕಂಠ ಮೊಮ್ಮಗನಿಗೆ ಬಂತು, ಹುಟ್ಟುತ್ತಲೇ ರಾಗ ಹೊತ್ತು ತಂದ ಎನ್ನುತ್ತೇವೆ. ಮಂಡ್ಯ, ಮದ್ದೂರು, ಮಳವಳ್ಳಿಯ ಈ ಚಪ್ಪರಗಳಲ್ಲಿ ಕೂತು ನೋಡಿದವರಿಗೆ ಬೇರೆಯದೇ ಕಾಣುತ್ತದೆ. ಇಲ್ಲಿ ಹಾಡು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಹಿಂದಿನ ಸಾಲಿನಲ್ಲಿ. ಹತ್ತಾರು ವರ್ಷ ಅಲ್ಲಿ ಕೂತು ಸೊಲ್ಲು ಕೊಟ್ಟವನಿಗೆ ಒಂದು ದಿನ ತಂಬೂರಿ ತಾನಾಗಿ ಕೈಗೆ ಬರುತ್ತದೆ. ಹಿರಿಯರಿಗೆ ಗಂಟಲು ಕಟ್ಟಿರುತ್ತದೆ, ಅಥವಾ ವಯಸ್ಸಾಗಿರುತ್ತದೆ. ನಡುರಾತ್ರಿ ಕತೆಯ ಮಧ್ಯೆಯೇ ತಂಬೂರಿ ಹಿಂದಕ್ಕೆ ಸರಿಯುತ್ತದೆ, ಮಗ ಮುಂದಕ್ಕೆ ಸರಿಯುತ್ತಾನೆ. ಅಪ್ಪ ಮಗನಿಗೆ ಸೊಲ್ಲು ಕೊಡಲು ತೊಡಗುತ್ತಾರೆ. ಆ ಅದಲು ಬದಲಿಗೆ ಹಾರವಿಲ್ಲ, ಭಾಷಣವಿಲ್ಲ. ನಿದ್ದೆಗಣ್ಣಿನ ಎಷ್ಟೋ ಕೇಳುಗರಿಗೆ ಅದು ನಡೆದದ್ದೇ ತಿಳಿಯುವುದಿಲ್ಲ.

ಆ ತಂಬೂರಿಯನ್ನು ಹತ್ತಿರದಿಂದ ನೋಡಿ. ಬುರುಡೆ, ಉದ್ದನೆಯ ಕತ್ತು, ನಾಲ್ಕು ತಂತಿ. ಕೆಲವು ಮನೆಗಳಲ್ಲಿ ಅದಕ್ಕೆ ಮೂರು ತಲೆಮಾರಿನ ವಯಸ್ಸಾಗಿರುತ್ತದೆ. ಹೆಗಲಿಗೆ ಒರಗುವ ಕಡೆ ಮರ ಎಣ್ಣೆ ಕುಡಿದು ಕಪ್ಪಾಗಿ ನುಣುಪಾಗಿದೆ. ಬುರುಡೆಯ ಮೇಲೆ ಕುಂಕುಮ, ವಿಭೂತಿಯ ಪದರು. ತಂತಿಗಳು ಎಷ್ಟೋ ಸಲ ಬದಲಾಗಿವೆ, ಬಿರಡೆಗಳೂ ಬದಲಾಗಿವೆ, ಸೀಳಿದ ಕಡೆ ತಗಡಿನ ಪಟ್ಟಿ ಬಡಿದಿದ್ದಾರೆ. ಕತೆ ಇಲ್ಲದ ದಿನ ಅದು ಮನೆಯ ನಡುಗೋಡೆಯಲ್ಲಿ ಗೂಟಕ್ಕೆ ನೇತಾಡುತ್ತದೆ. ಸೋಮವಾರ ದೇವರಿಗೆ ಹಚ್ಚಿದ ಧೂಪವನ್ನು ಅದಕ್ಕೂ ತೋರಿಸುತ್ತಾರೆ. ಅದರ ಪಕ್ಕದಲ್ಲೇ ಜೋಳಿಗೆ, ನಾಗಬೆತ್ತ. ಮಕ್ಕಳು ಅದನ್ನು ಸುಮ್ಮನೆ ಮುಟ್ಟುವಂತಿಲ್ಲ. ಹಾಗೆಂದು ಅದು ಮನೆಯ ಆಸ್ತಿಯೂ ಅಲ್ಲ. ಅಣ್ಣ-ತಮ್ಮಂದಿರು ಗದ್ದೆ ಪಾಲು ಮಾಡಿಕೊಂಡಾಗ ತಂಬೂರಿ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಡುವವನ ಮನೆಗೆ ಅದು ಹೋಗುತ್ತದೆ.

ನೀಲಗಾರರು ಹಾಡುವ ಕತೆಯೂ ಇದೇ ನೆಲದ್ದು. ಅವರ ಕತೆಯ ಒಡೆಯರು ಧರೆಗೆ ದೊಡ್ಡವರು ಎಂದು ಕರೆಸಿಕೊಂಡ ಮಂಟೇಸ್ವಾಮಿ. ಕೊಳಕು ಮೈಯಿನ, ಗುರುತು ಸಿಗದ ವೇಷದಲ್ಲಿ ಕಲ್ಯಾಣ ಪಟ್ಟಣಕ್ಕೆ ಬಂದು ಬಸವಣ್ಣನವರ ಮಹಾಮನೆಯನ್ನೇ ಪರೀಕ್ಷೆಗೆ ಒಡ್ಡುವ ಜಂಗಮ ಅವರು. ಅಲ್ಲಿಂದ ದಕ್ಷಿಣಕ್ಕೆ ನಡೆದು ಬಂದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಗದ್ದಿಗೆಯಾದರು. ಕತೆಯನ್ನು ಸಾಲುಗಳಾಗಿ ಹಾಡುತ್ತಾರೆ: ಕಲ್ಯಾಣದ ಸಾಲು, ಕೆಂಪಾಚಾರಿ ಸಾಲು, ಹಲಗೂರು ಸಾಲು. ಒಂದೊಂದು ಸಾಲಿಗೂ ಗಂಟೆಗಟ್ಟಲೆ ಹೊತ್ತು ಬೇಕು. ಇಡೀ ಕತೆಯನ್ನು ಒಂದೇ ರಾತ್ರಿಯಲ್ಲಿ ಮುಗಿಸುವುದು ಯಾರಿಂದಲೂ ಆಗದು.

ಕೆಂಪಾಚಾರಿ ಸಾಲು ಬಂದಾಗ ಮದ್ದೂರಿನ ಕಡೆಯ ಕೇಳುಗರು ನೆಟ್ಟಗೆ ಕೂರುತ್ತಾರೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ ಮದ್ದೂರಿಗೆ ಬರುವ ಮೊದಲು ಸಿಗುವ ನಿಡಘಟ್ಟ ಆ ಸಾಲಿನ ಊರು. ಅಲ್ಲಿನ ಬಸವಾಚಾರಿ, ಮುದ್ದಮ್ಮನವರ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ತಮ್ಮ ಶಿಶುವಾಗಿ ಕೇಳುತ್ತಾರೆ. ಹೆತ್ತವರು ಒಪ್ಪುವುದಿಲ್ಲ. ಕುಲುಮೆ ಮನೆಯ ಮಗ, ಸುತ್ತಿಗೆ ಹಿಡಿಯಬೇಕಾದವನು, ಜೋಳಿಗೆ ಹಿಡಿದು ಬೀದಿಗೆ ಹೋಗುವುದುಂಟೆ? ಕಡೆಗೂ ಮಗ ಗುರುವಿನ ಪಾಲಾಗುತ್ತಾನೆ, ಸಿದ್ದಪ್ಪಾಜಿ ಎನಿಸಿಕೊಳ್ಳುತ್ತಾನೆ. ಆಮೇಲೆ ಗುರು ಅವನನ್ನು ಕಳಿಸುವುದು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ, ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಬೇಡಲು. ಅಂದರೆ ತನ್ನದೇ ಕುಲದವರ ಮುಂದೆ ಕೈಯೊಡ್ಡಲು. ಅವರು ಇಲ್ಲವೆನ್ನುತ್ತಾರೆ, ಅವಮಾನ ಮಾಡುತ್ತಾರೆ, ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಅವನು ಪವಾಡಗಳನ್ನು ಗೆದ್ದು ಬರುತ್ತಾನೆ. ಮುದ್ದಮ್ಮ ಮಗನಿಗಾಗಿ ಅಳುವ ಭಾಗ ಬಂದಾಗ ಚಪ್ಪರದಡಿಯ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ದುಡಿಮೆಗೆಂದು ಬೆಂಗಳೂರಿಗೆ ಹೋದ ಮಗ ಅವರಲ್ಲಿ ಎಷ್ಟೋ ಮಂದಿಗಿದ್ದಾನೆ.

ಅಪ್ಪನಿಂದ ಮಗನಿಗೆ ಬಂದ ಹಾಡು ಹೇಳುತ್ತಿರುವುದು ಅಪ್ಪನ ಕಸುಬು ಬಿಟ್ಟು ಹೋದ ಮಗನ ಕತೆಯನ್ನು. ಹೆತ್ತವರ ಮನೆಯಷ್ಟೇ ಗುರುವಿನ ಮನೆಯೂ ಮನೆ ಎನ್ನುವುದನ್ನು. ನೀಲಗಾರರ ಪದ್ಧತಿಯೂ ಇದಕ್ಕೆ ತಕ್ಕಂತೆ ಇದೆ. ನೀಲಗಾರನಾಗಲು ಆ ಮನೆಯಲ್ಲಿ ಹುಟ್ಟಿದರೆ ಸಾಲದು, ದೀಕ್ಷೆ ಆಗಬೇಕು. ದೀಕ್ಷೆಯಾದವನು ಕಂಡಾಯಕ್ಕೆ ನಡೆದುಕೊಳ್ಳಬೇಕು, ಭಿಕ್ಷೆಗೆ ಹೋಗಬೇಕು, ಕತೆ ಕಲಿಯಬೇಕು. ಇವರಲ್ಲಿ ಹೆಚ್ಚಿನವರು ದಲಿತರು. ಬೇರೆ ಸಮುದಾಯಗಳ ಒಕ್ಕಲುಗಳೂ ಇದ್ದಾರೆ. ಹರಕೆ ಹೊತ್ತು ಹುಟ್ಟಿದ ಮಗನನ್ನು ದೇವರಿಗೆ ಬಿಡುವ ಮನೆಗಳಿವೆ. ಮಲೆ ಮಾದೇಶ್ವರನ ಕತೆ ಹಾಡುವ ಕಂಸಾಳೆಯ ದೇವರಗುಡ್ಡರಲ್ಲೂ ಇದೇ ಬಗೆ. ಹೀಗಾಗಿ ಒಂದೇ ಮೇಳದಲ್ಲಿ ಅಪ್ಪ-ಮಗನ ಪಕ್ಕ ಯಾವುದೋ ಊರಿನಿಂದ ಕಲಿಯಲು ಬಂದ ಹುಡುಗನೂ ಕೂತಿರುತ್ತಾನೆ. ಸೊಲ್ಲು ಕೊಡುವಾಗ ಯಾರು ಮಗ, ಯಾರು ಶಿಷ್ಯ ಎಂದು ಗೊತ್ತಾಗುವುದಿಲ್ಲ.

ಹೊರಗಿನ ಲೋಕದಲ್ಲಿ ಬೇರೆ ಕಟ್ಟಳೆಗಳಿವೆ. ಪಶ್ಚಿಮ ಆಫ್ರಿಕದ ಮಾಲಿಯಲ್ಲಿ ದೊರೆಗಳ ಕತೆ ಹಾಡುವ ಜೆಲಿ ಮನೆತನಗಳಿವೆ. ಅಲ್ಲಿ ಜೆಲಿ ಆಗುವುದು ಹುಟ್ಟಿನಿಂದಲೇ. 21 ತಂತಿಯ ಕೋರಾ ನುಡಿಸಿ ಜಗತ್ತಿಗೆಲ್ಲ ಹೆಸರಾದ ಟುಮಾನಿ ಡಯಾಬಾಟೆ 2024ರಲ್ಲಿ ತೀರಿಕೊಂಡರು. ಅವರ ತಂದೆ ಸಿದಿಕಿ, ಮಗನೂ ಸಿದಿಕಿ; ಮೂವರೂ ಕೋರಾ ನುಡಿಸಿದವರು. ನಮ್ಮದೇ ಕಾವೇರಿ ತೀರದಲ್ಲಿ, ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಮನೆಮನೆಯಿಂದಲೂ ವಿದ್ವಾಂಸರನ್ನು ಕೊಟ್ಟ ಊರು. ಅಲ್ಲಿ ಬೇರು ಬಿಟ್ಟ ಮನೆಯಿಂದ ಬಂದ ಆರ್.ಕೆ. ಶ್ರೀಕಂಠನ್ (1920–2014) ತಮ್ಮ ವಿದ್ಯೆಯನ್ನು ಮಗ ರಮಾಕಾಂತರಿಗೂ ಕೊಟ್ಟರು, ನೂರಾರು ಶಿಷ್ಯರಿಗೂ ಕೊಟ್ಟರು. ಅಂಥ ಮನೆಗಳಿಗೆ ಅರಮನೆ, ಸಭೆ, ಆಕಾಶವಾಣಿಗಳ ಆಸರೆ ಇತ್ತು. ನೀಲಗಾರರ ಮನೆಗೆ ಇದ್ದ ಆಸರೆ ಸುಗ್ಗಿಯ ಕಣ. ರಾಗಿ, ಭತ್ತ ಬಡಿದ ದಿನ ಜೋಳಿಗೆಗೆ ಬೀಳುವ ಒಂದು ಮೊರ ಕಾಳೇ ಅವರ ಸಂಬಳ, ಅವರ ಸನ್ಮಾನ.

ಕಲಿಕೆಗೆ ಇನ್ನೊಂದು ಬಯಲೂ ಉಂಟು. ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ ಕೂಡುತ್ತದೆ. ಐದು ದಿನದ ಜಾತ್ರೆ. ಮೊದಲ ರಾತ್ರಿ ಬೊಪ್ಪೇಗೌಡನಪುರ ಮಠದವರು ಬಂದು ಚಂದ್ರಮಂಡಲ ಹೊತ್ತಿಸುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ಹೆಚ್ಚು ಉರಿಯಿತೋ ಆ ಸೀಮೆಗೆ ಆ ವರ್ಷ ಮಳೆ ಬೆಳೆ ಚೆನ್ನ ಎಂಬ ನಂಬಿಕೆ. ಮಂಡ್ಯದ ರೈತರು ಕತ್ತು ಎತ್ತಿ ತಮ್ಮ ದಿಕ್ಕನ್ನು ನೋಡುತ್ತಾರೆ. ಶಿವರಾತ್ರಿ ಹೊತ್ತಿಗೆ ಕಾವೇರಿ ದಂಡೆಯ ಕಪ್ಪಡಿಯಲ್ಲಿ ಮಂಟೇಸ್ವಾಮಿಯ ಶಿಷ್ಯರಾದ ರಾಚಪ್ಪಾಜಿ, ಚನ್ನಾಜಮ್ಮನವರ ಜಾತ್ರೆ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಟೆಂಪೊಗಳಲ್ಲಿ ಒಕ್ಕಲುಗಳು ಬಂದು ಬಿಡಾರ ಹೂಡುತ್ತಾರೆ. ಒಂದೊಂದು ಬಿಡಾರದ ಮುಂದೆಯೂ ಒಂದೊಂದು ತಂಬೂರಿ. ಮನೆಯಲ್ಲಿ ಅಪ್ಪನ ಧಾಟಿ ಒಂದನ್ನೇ ಕೇಳಿದ್ದ ಹುಡುಗ ಇಲ್ಲಿ ಬಿಡಾರದಿಂದ ಬಿಡಾರಕ್ಕೆ ಅಲೆಯುತ್ತಾನೆ. ಅದೇ ಹಲಗೂರು ಸಾಲನ್ನು ಟಿ. ನರಸೀಪುರದವರು ಒಂದು ಬಗೆಯಲ್ಲಿ, ಕೊಳ್ಳೇಗಾಲದವರು ಇನ್ನೊಂದು ಬಗೆಯಲ್ಲಿ ಎತ್ತುವುದನ್ನು ಕೇಳುತ್ತಾನೆ. ಹಿಂದಿನ ಸಾಲಿನಲ್ಲಿ ಕೂತು ಕಲಿತದ್ದಕ್ಕೆ ಇಲ್ಲಿ ತಿರುವು ಸಿಗುತ್ತದೆ. ತನ್ನ ಧಾಟಿ ಯಾವುದೆಂದು ಅವನು ಆರಿಸಿಕೊಳ್ಳುವುದು ಇಂಥ ಜಾತ್ರೆಗಳಲ್ಲೇ.

ಹೆಣ್ಣುಮಕ್ಕಳ ಹಾಡು ಬೇರೆ ದಾರಿ ಹಿಡಿದು ಬಂದಿದೆ. ಅದಕ್ಕೆ ತಂಬೂರಿ ಇಲ್ಲ, ದೀಕ್ಷೆ ಇಲ್ಲ. ಹಸೆಗೆ ಕರೆಯುವ ಪದ, ಆರತಿ ಪದ, ಒಸಗೆಯ ಪದ, ನಾಟಿಯ ಪದ ಎಂದು ಅದು ಕೆಲಸದ ಜೊತೆ ಹೆಣೆದುಕೊಂಡಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಾಗಿ ಪೈರು ನೆಡುವಾಗ ಒಬ್ಬಾಕೆ ಎತ್ತುತ್ತಾಳೆ, ಉಳಿದವರು ಸೊಲ್ಲು ಕೊಡುತ್ತಾರೆ. ಕೈಯ ಲಯವೂ ಹಾಡಿನ ಲಯವೂ ಒಂದೇ ಆಗುವುದರಿಂದ ಹಾಡು ಜೋರಾದರೆ ನಾಟಿಯೂ ಬೇಗ ಸಾಗುತ್ತದೆ. ಗಂಡಸರ ಹಾಡು ಮನೆಯಲ್ಲೇ ಉಳಿದರೆ ಹೆಂಗಸರ ಹಾಡು ಮದುವೆಯಾಗಿ ಹೊರಡುತ್ತದೆ. ಮದ್ದೂರು ಕಡೆಯ ಹೆಣ್ಣು ಮಳವಳ್ಳಿಗೆ ಸೊಸೆಯಾಗಿ ಬರುವಾಗ ಅವ್ವನ ಪದಗಳನ್ನು ತರುತ್ತಾಳೆ. ಇಲ್ಲಿ ಅತ್ತೆಯ ಪದಗಳಿಗೆ ಸೊಲ್ಲು ಕೊಡುತ್ತಾ ಎರಡನ್ನೂ ಕೂಡಿಸಿಕೊಳ್ಳುತ್ತಾಳೆ. ಅವಳ ಮಗಳು ಆ ಎರಡು ಊರಿನ ಗಂಟನ್ನು ಹೊತ್ತು ಮೂರನೆಯ ಊರಿಗೆ ಹೋಗುತ್ತಾಳೆ. ಮಂಡ್ಯ ಜಿಲ್ಲೆಯ ಸೋಬಾನೆ ಪದಗಳು ಊರೂರಿಗೂ ಹಬ್ಬಿದ್ದು, ಬದಲಾಗುತ್ತ ಬೆಳೆದದ್ದು ಈ ಸೊಸೆಯಂದಿರಿಂದ. ಕತೆಗಾರರ ಹೆಸರಾದರೂ ಊರವರ ಬಾಯಲ್ಲಿ ಉಳಿಯುತ್ತದೆ. ಈ ಹೆಣ್ಣುಮಕ್ಕಳ ಹೆಸರನ್ನು ಯಾರೂ ಬರೆದಿಟ್ಟುಕೊಂಡಿಲ್ಲ.

ಇನ್ನು ಮಂಡ್ಯ ಎಂದರೆ ಪೌರಾಣಿಕ ನಾಟಕವನ್ನು ಬಿಟ್ಟು ಮಾತೇ ಇಲ್ಲ. ಕಬ್ಬು ಕಡಿದು ಕೈಯಲ್ಲಿ ನಾಲ್ಕು ಕಾಸಾಡುವ ಹೊತ್ತಿಗೆ ಊರಿನಲ್ಲಿ 'ಕುರುಕ್ಷೇತ್ರ' ಶುರುವಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಂದ, ವೃತ್ತ, ರಂಗಗೀತೆ ಹೇಳಿಕೊಡುತ್ತಾರೆ. ಪಾತ್ರಧಾರಿಗಳೇ ತಮ್ಮ ಪಾತ್ರಕ್ಕೆ ಇಷ್ಟೆಂದು ಹಣ ಕಟ್ಟುತ್ತಾರೆ. ಆಸೆಪಡುವವರು ಹೆಚ್ಚಾದ್ದರಿಂದ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಒಂದೇ ಪಾತ್ರ ಹಂಚಿಹೋಗುತ್ತದೆ. ಅಪ್ಪ ಒಂದನೇ ಕೃಷ್ಣನಾಗಿ ಹಾಡಿ ಕಿರೀಟ ತೆಗೆದಿಟ್ಟ ಮೇಲೆ ಮಗ ಎರಡನೇ ಕೃಷ್ಣನಾಗಿ ಅದೇ ಕಿರೀಟ ತೊಟ್ಟು ರಂಗಕ್ಕೆ ಬರುವುದನ್ನು ಈ ಊರುಗಳಲ್ಲಿ ನೋಡಬಹುದು. ಮೇಷ್ಟ್ರ ವಿದ್ಯೆಯೂ ಹೀಗೇ ಇಳಿಯುತ್ತದೆ. ಅಪ್ಪನ ಹಾರ್ಮೋನಿಯಂ ಪಕ್ಕ ತಬಲ ಬಾರಿಸುತ್ತಾ ಬೆಳೆದವನು ಯಾವ ನಟನಿಗೆ ಯಾವ ಮನೆ ಶ್ರುತಿ ಹೊಂದುತ್ತದೆ, ಯಾರು ತಾಳ ತಪ್ಪುತ್ತಾರೆ, ಯಾರನ್ನು ಎಲ್ಲಿ ಎತ್ತಿಹಿಡಿಯಬೇಕು ಎಂಬುದನ್ನೆಲ್ಲ ಪುಸ್ತಕವಿಲ್ಲದೆ ಅರಿತಿರುತ್ತಾನೆ.

ಇವೆಲ್ಲವನ್ನೂ ಕಾಗದಕ್ಕೆ ಇಳಿಸಿದವರಲ್ಲಿ ಮುಂದೆ ನಿಂತ ಇಬ್ಬರು ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರು. ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳನ್ನು, ಅವನ್ನು ಹಾಡುವ ವೃತ್ತಿಗಾಯಕರನ್ನು ಅಧ್ಯಯನದ ನಡುಮನೆಗೆ ತಂದರು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕವನ್ನು ಎಬ್ಬಿಸಿದರು. ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ' ಈ ಹಾಡನ್ನು ಆಧುನಿಕ ರಂಗಕ್ಕೆ ಏರಿಸಿತು. ಕ್ಯಾಸೆಟ್ಟಿನ ಕಾಲದಲ್ಲಿ ಮಳವಳ್ಳಿ ಮಹದೇವಸ್ವಾಮಿಯವರ ದನಿ ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದೇಶ್ವರರ ಕತೆಗಳನ್ನು ಬಸ್ಸು, ಟೀ ಅಂಗಡಿ, ಆಲೆಮನೆಗಳಿಗೆ ತಲುಪಿಸಿತು. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಪಕ್ಕ ರಾತ್ರಿಯಿಡೀ ಆ ದನಿ ಓಡುತ್ತಿತ್ತು. ನೀಲಗಾರರ ಮನೆಯವರಲ್ಲದ ಹುಡುಗರೂ ಕತೆ ಕಲಿತರು. ಇಂದು ಆ ಜಾಗದಲ್ಲಿ ಯೂಟ್ಯೂಬ್ ಇದೆ.

ಇದು ದೊಡ್ಡ ಉಪಕಾರ. ಆದರೂ ಕ್ಯಾಸೆಟ್ಟಿಗೆ ಸೊಲ್ಲು ಕೊಡಲಾಗದು. ಅದು ಯಾರ ಉಸಿರಿಗೂ ಕಾಯುವುದಿಲ್ಲ. ಕೇಳುವ ಊರಿನ ಹೆಸರನ್ನು ಕತೆಯೊಳಗೆ ತಂದು ಸೇರಿಸುವುದಿಲ್ಲ, ತೂಕಡಿಸುವ ಮುದುಕನನ್ನು ಮಾತಾಡಿಸಿ ಎಬ್ಬಿಸುವುದಿಲ್ಲ. ಅದನ್ನು ಕೇಳಿ ಕಲಿತವನಿಗೆ ಒಂದು ಧಾಟಿ ದಕ್ಕುತ್ತದೆ. ತಪ್ಪಿದಾಗ ಪಕ್ಕೆಗೆ ತಾಗುವ ಮೊಣಕೈ ದಕ್ಕುವುದಿಲ್ಲ. ವೇದಿಕೆಗಳು ಬಂದ ಮೇಲೆ ಕತೆಗೆ ಇಪ್ಪತ್ತು ನಿಮಿಷ ಸಿಗುತ್ತದೆ. ಮೈಕು ಮುಂದಿನವರ ಬಾಯಿಗೆ, ಶಾಲು ಮುಂದಿನವರ ಹೆಗಲಿಗೆ. ಹೋಗಿಬರುವ ಖರ್ಚು ಹೆಚ್ಚೆಂದು ಹಿಮ್ಮೇಳದವರನ್ನು ಕಡಿಮೆ ಕರೆತರಲು ಹೇಳುವುದೂ ಉಂಟು. ಹಾಗೆ ಮನೆಯಲ್ಲೇ ಉಳಿದವನು ಯಾರು? ಚಾಪೆಯ ಅಂಚಿನಲ್ಲಿ ಕೂರುತ್ತಿದ್ದ ಆ ಹುಡುಗ. ನೂರಾರು ರೂಪಾಯಿ ಉಳಿಸಲು ಹೋಗಿ ನಾವು ಒಂದು ತಲೆಮಾರನ್ನೇ ಕಳೆದುಕೊಳ್ಳುತ್ತಿದ್ದೇವೆ.

ನೀಲಗಾರರ ಮನೆಯ ಮಕ್ಕಳು ಇಂದು ಓದುತ್ತಿದ್ದಾರೆ, ಓದಲೇಬೇಕು. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಾರೆ, ಸರ್ಕಾರಿ ಪರೀಕ್ಷೆ ಕಟ್ಟುತ್ತಾರೆ. ಜೋಳಿಗೆ ಹಿಡಿದು ಮನೆ ಮನೆ ತಿರುಗುವುದು ಅವರಿಗೆ ಬೇಡವೆನಿಸಿದರೆ ಅದನ್ನು ತಪ್ಪೆನ್ನುವ ಹಕ್ಕು ನಮಗಿಲ್ಲ. ಭಿಕ್ಷೆಯ ಜೊತೆ ಜಾತಿಯ ಅವಮಾನವನ್ನೂ ಹೊತ್ತವರು ಅವರ ಹಿರಿಯರು. ಕೆಂಪಾಚಾರಿ ಕುಲುಮೆ ಬಿಟ್ಟಂತೆ ಇವರು ಜೋಳಿಗೆ ಬಿಡಬಹುದು. ಹಾಡನ್ನು ಬಿಡಬೇಕಾಗಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ವೈಣಿಕರು ನಮ್ಮಲ್ಲಿರುವಂತೆ ಮೇಷ್ಟ್ರಾದ ನೀಲಗಾರನೂ, ಎಂಜಿನಿಯರ್ ಆದ ನೀಲಗಾರನೂ ಇರಬಹುದು. ಅವರು ಹಾಡಬೇಕೆಂದರೆ ಕೇಳುವವರು ಬೇಕು, ಕೂರಲು ಚಾಪೆ ಬೇಕು, ಇಡೀ ಮೇಳಕ್ಕೆ ತಕ್ಕ ಸಂಭಾವನೆ ಬೇಕು.

ಇದು ನಮ್ಮ ಕೈಯಲ್ಲಿರುವ ಕೆಲಸ. ಗೃಹಪ್ರವೇಶಕ್ಕೆ ಸೌಂಡ್ ಸಿಸ್ಟಂ ತರಿಸುವ ಹಣದಲ್ಲಿ ಒಂದು ರಾತ್ರಿ ತಂಬೂರಿ ಕತೆ ಮಾಡಿಸಬಹುದು. ಮೇಳ ಕರೆಸುವಾಗ ಎಷ್ಟು ಜನ ಬರುತ್ತೀರಿ ಎಂದು ಕೇಳುವ ಬದಲು ಎಲ್ಲರೂ ಬನ್ನಿ, ಮಕ್ಕಳನ್ನೂ ಕರೆತನ್ನಿ ಎನ್ನಬಹುದು. ಹಲಗೂರಿನ ಶಾಲೆಯಲ್ಲಿ ಹಲಗೂರು ಸಾಲನ್ನು, ನಿಡಘಟ್ಟದ ಶಾಲೆಯಲ್ಲಿ ಕೆಂಪಾಚಾರಿ ಸಾಲನ್ನು ಒಂದು ಮಧ್ಯಾಹ್ನ ಹಾಡಿಸಬಹುದು. ಮಕ್ಕಳಿಗೆ ಸೊಲ್ಲು ಕೊಡಲು ಹೇಳಿದರೆ ಅವರು ಹಿಂಜರಿಯುವವರಲ್ಲ. ಅಕಾಡೆಮಿಗಳು ಪ್ರಶಸ್ತಿ ಕೊಡುವಾಗ ಮೂವತ್ತು ವರ್ಷ ಹಿಂದಿನ ಸಾಲಿನಲ್ಲೇ ಕೂತವರನ್ನೂ ಹುಡುಕಿ ಕರೆಯಲಿ. ಒಂದು ಮನೆಯಲ್ಲಿ ಹಾಡು ಉಳಿಯಬೇಕಾದರೆ ಆ ಮನೆಯಲ್ಲಿ ಕಂಠವಿದ್ದರಷ್ಟೇ ಆಗದು. ಹಾಡಿದ್ದನ್ನು ಹಿಡಿದುಕೊಳ್ಳುವವರು ಇರಬೇಕು. ಹಾಗೆ ಹಿಡಿದುಕೊಳ್ಳುವುದು ಅವರ ಮಕ್ಕಳ ಕೆಲಸವಷ್ಟೇ ಅಲ್ಲ. ಈ ಕತೆ ಕೇಳಿ ಬೆಳೆದ ಮೂರೂ ತಾಲ್ಲೂಕಿನ ನಾವೆಲ್ಲರೂ ಆ ಹಿಮ್ಮೇಳಕ್ಕೆ ಸೇರಿದವರು, ಮತ್ತು ಸೊಲ್ಲು ಕೊಡುವ ಸರದಿ ಈಗ ನಮ್ಮದು.